ಹೊಳೆ ದಾಟದ ಹೇಸರಗತ್ತೆಗಳು

ಹಲೋ... ಹಲೋ, ಯಾರು ಮಾತಾಡೋದು? ಪಲ್ಟನ್ ಡಿಪೋ ಅಲ್ಲೇನ್ರಿ? ನಾನ್ರೀ, ಸಿಪಾಯಿ ಸುಂಕಪ್ಪ, ಕೋಸಗಿಯಾವ. ರಜಾದ ಮ್ಯಾಲ ಬಂದೀನಿ. ಆದವಾನಿಯಿಂದ ಮಾತಾಡ್ತೀನಿ.

...

ಏನಂದ್ರಿ? 'ಓಡಿಹೋದ ಹೇಡಿಯ ತಮ್ಮನಾ' ಅಂದ್ರಾ? ಹಾಂ, ಕೇಳಿಸ್ತು. ನಿಮ್ಮ ಹಿಂದ ನಗೋರೂ ಕೇಳಿಸ್ತಾರ. ಇಲ್ಲಿ ಸಿದ್ದಬಸಪ್ಪ ಸಾವ್ಕಾರ್ರ ಹತ್ತಿ ಅಂಗಡ್ಯಾಗ ಎಂಟು ಮಂದಿ ಕುಂತಾರ, ಅವರಿಗೂ ಕೇಳಿಸ್ತು. ಹತ್ತಿ ತೂಗಾವ ತಕ್ಕಡಿ ಬಿಟ್ಟು ನನ್ನ ಮಾರಿ ನೋಡಾಕತ್ಯಾನ. ಸಮಾಧಾನ ಆತಾ ಹವಾಲ್ದಾರ್ರೇ?

...

ಕೆಲಸ ಐತಿ, ಅದಕ್ಕ ಮಾಡೀನಿ. ನಮ್ಮಣ್ಣ ಯರ್ರೆಪ್ಪ. ಹೋದ ವರ್ಷ ಬರ್ಮಾದಿಂದ ಹಿಂದ ಸರಿಯೋವಾಗ ಪಲ್ಟನ್ ಬಿಟ್ಟು ಓಡಿಹೋದ ಅಂತ ನಿಮ್ಮ ಕಾಗದದಾಗ ಐತಲ್ಲ, ಅದು ಸುಳ್ಳು. ಅದನ್ನ ತೆಗೀಬೇಕು.

...

ಯಾಕ ಈಗ ಅಂದ್ರ? ವಾರಕ್ಕೊಮ್ಮೆ ಪೊಲೀಸರು ಮನಿಗೆ ಬರ್ತಾರ. 'ಗಂಡನ್ನ ಎಲ್ಲಿ ಬಚ್ಚಿಟ್ಟಿ' ಅಂತ ನಮ್ಮತ್ತಿಗಿ ಲಿಂಗಕ್ಕನ್ನ ಚಾವಡಿ ಮುಂದ ಬಿಸಿಲಾಗ ನಿಲ್ಲಿಸ್ತಾರ. ಮೊನ್ನೆ ನೆಲದಾಗಿನ ಜೋಳದ ಹಗೇವು ತೆಗೆಸಿ, ಒಳಗ ಇಳಿದು ನೋಡಿದ್ರು. ಗಂಡ ಸತ್ತಾನ ಅಂತ ನಾ ಹೇಳಿ ಆಕಿಗೆ ಗೊತ್ತೈತಿ, ಅಳಾಕೂ ಬಿಡವಲ್ರು.

...

ಹೌದ್ರಿ. ವಿಚಾರಣಿದಾಗ 'ನನಗ ಗೊತ್ತಿಲ್ಲ' ಅಂದಾವ ನಾನೇ. ನಾಕನೇ ಕ್ಲಾಸಿಗೆ ಸಾಲಿ ಬಿಟ್ಟಾವ ನಾನು, ಇಂಗ್ಲಿಷ್ ಕಾಗದ ಮುಂದಿಟ್ರು, ಸಹಿ ಮಾಡಿದೆ. ಆವತ್ತು ಹೆದರಿದ್ದೆ. ಇವತ್ತು ಗೊತ್ತೈತಿ ಅಂತೀನಿ. ಬರ್ಕೊಳ್ರಿ.

...

ಬರ್ಕೊಳ್ಳಾಕತ್ತೀರಾ? ಹಾಂ. ಹೊಳಿ ದಾಟೋ ಮುಂದ ಎರಡು ಹೇಸರಗತ್ತಿ ನೀರಿಗೆ ಇಳೀಲಿಲ್ಲ. ಬೆನ್ನ ಮ್ಯಾಲ ಬಂದೂಕಿನ ತೋಟಾದ ಪೆಟ್ಟಿಗಿ. ಬಿಟ್ಟು ನಡೀರಿ ಅಂತ ಜಮಾದಾರ್ರು ಹುಕುಂ ಕೊಟ್ರು. ಎಲ್ಲಾರೂ ದಾಟಿದ್ವಿ. ಅಣ್ಣ ಒಬ್ಬಾವ ತಿರುಗಿ ಹೋದ.

...

ಯಾಕ ಹೋದ ಅಂದ್ರ, ನಾವು ಕುರಿಯವರ್ರೀ. ಒಂದು ಕುರಿ ಹಿಂದ ಉಳಿದ್ರ ಕಾಯೋನು ಮುಂದ ನಡ್ಯಂಗಿಲ್ಲ. ಸತ್ತಿದ್ರ ಗುರುತು ಹಾಕಿದ ಅದರ ಕಿವಿಯನ್ನಾರ ಕೊಯ್ದು ತರಬೇಕು, ಇಲ್ಲಾಂದ್ರ ಕಾಯೋನ್ನ ಹಟ್ಟಿಗೆ ಸೇರಿಸಂಗಿಲ್ಲ. ಹತ್ತು ವರ್ಷ ಅದನ್ನ ಮಾಡಿದಾವಗ ನಿಮ್ಮ ಹುಕುಂ ಕಿವಿಗೆ ಹೋಗಲಿಲ್ಲ.

...

ಹುಕುಂ ಮೀರಿದ, ಒಪ್ತೀನಿ. ಓಡಿಹೋಗಲಿಲ್ಲ. ಓಡಿಹೋಗೋನು ಜಪಾನಿನವರ ಕಡೆಗೇ ಹೋಗ್ತಾನೇನ್ರಿ? ಒಂದು ಹೇಸರಗತ್ತಿ ನೀರಿಗಿಳಿಸಿ ನಾವಿದ್ದ ದಂಡಿಗೆ ಅಟ್ಟಿದ. ಎರಡನೇದರ ಹಗ್ಗ ಹಿಡಿದಾಗ ಗುಂಡು ಬಡೀತು. ನೀರಾಗ ಬಿದ್ದದ್ದು ನಾ ನೋಡೀನಿ. ಆ ಒಂದು ಹೇಸರಗತ್ತಿ ತಂದ ತೋಟಾದ ಮ್ಯಾಲ ನಾವು ಎರಡು ದಿನ ಬದುಕಿದ್ವಿ.

...

ಯಾರಿಗೆ ಕೊಡ್ತೀರಿ ಫೋನು?

...

ಹಾಂ... ನಮಸ್ಕಾರ್ರೀ, ಭೀಮಲಿಂಗಪ್ಪ ಜಮಾದಾರ್ರೇ. ಈಗ ಸುಬೇದಾರ್ರಾ? ಆಗ್ಲಿ. ನಂದವರ ಊರಿಂದ ಬಂದು, ನಮ್ಮ ಮನ್ಯಾಗ ರೊಟ್ಟಿ ತಿಂದು, 'ಇಬ್ಬರೂ ನನ್ನ ಮಕ್ಕಳಿದ್ದಂಗ' ಅಂತ ಅತ್ತಿಗಿಗೆ ಹೇಳಿ ನಮ್ಮನ್ನ ಪಲ್ಟನ್ ಭರ್ತಿಗೆ ಕರ್ಕೊಂಡು ಹೋದೋರು ನೀವು. ನೀವಾರ ಹೇಳ್ರಿ. ತೋಟಾ ಬಿಟ್ಟು ಬರ್ರಿ ಅಂದೋರು ನೀವೇ ಅಲ್ವಾ?

...

ಜ್ವರ ಬಂದು ಸತ್ತ ಅಂತ ಬರಿಸ್ತೀರಾ?

...

ಪೊಲೀಸರು ಬರೋದು ನಿಲ್ತೈತಿ, ಹೌದು. ಅತ್ತಿಗಿ ಅವನ ಕರ್ಮ ಮಾಡಬಹುದು, ಅದೂ ಹೌದು. ಹೇಸರಗತ್ತಿ ಮಾತು ಮಾತ್ರ ನಾ ಎತ್ತಬಾರದು. ಎತ್ತಿದ್ರ ತೋಟಾ ಬಿಡಿಸಿದ್ದು ಹೊರಬಿದ್ದು ನಿಮ್ಮ ಭುಜದ ಚಿಕ್ಕಿ ಕಳಚ್ತಾರ, ಅಲ್ವಾ? ಅದಕ್ಕೇ ಅವನ್ನ ಓಡಿಹೋದಾವ ಅಂತ ಬರೆಸಿದ್ರಿ, ಅಲ್ವಾ?

...

ವಿಚಾರಣಿದಾಗ ಸುಳ್ಳು ಹೇಳಿದ್ದಕ್ಕ ನನಗೂ ಸಜಾ ಆಗ್ತೈತಿ. ಗೊತ್ತೈತ್ರೀ. ಅದನ್ನ ಮತ್ತ ಮತ್ತ ಹೇಳಬ್ಯಾಡ್ರಿ.

...

ರಜಾ ಎರಡು ತಿಂಗಳು ಬೆಳೆಸ್ತೀರಾ? ನಾ ಕೇಳೇ ಇಲ್ಲಲ್ಲ. ಸೋಮವಾರ ಕರ್ನಲ್ ಸಾಹೇಬ ಬರ್ತಾನ, ಆವತ್ತು ನಾ ಅಲ್ಲಿರಬಾರದು. ಅಷ್ಟ ಅಲ್ಲೇನು?

...

ಹಾಂ, ಕೇಳಿಸ್ತು. ಜ್ವರ, ಇಲ್ಲಾಂದ್ರ ಹೇಡಿ. ಎರಡರಾಗ ಒಂದು ಹೇಳಬೇಕು, ಈಗಲೇ ಹೇಳಬೇಕು...

ನಾನು ರಿಸೀವರನ್ನು ಮೇಜಿನ ಮೇಲಿಟ್ಟು, ಸಾಹುಕಾರರಿಗೆ ಕೈಮುಗಿದು, ಸೋಮವಾರಕ್ಕೆ ಮುಂಚೆ ಡಿಪೋ ಮುಟ್ಟಲು ರೈಲು ಸ್ಟೇಷನ್ನಿನ ಕಡೆ ಹೊರಟೆ. 'ಸುಂಕಪ್ಪಾ, ಸುಂಕಪ್ಪಾ' ಎಂದು ಸುಬೇದಾರರ ದನಿ ಬಾಗಿಲವರೆಗೂ ಕೇಳಿಸುತ್ತಿತ್ತು. ಆಮೇಲೆ ಲೈನು ಕಡಿಯಿತು.