ನರ್ಸಮ್ಮ ಮೂರು ಸಲ ಕೇಳಿದ್ದು

ಶ್ರೀಮತಿ ತಿಮ್ಮಮ್ಮ ಕೋಂ ಪುಟ್ಟಲಿಂಗಯ್ಯ, ವಯಸ್ಸು ಆಧಾರ್ ಕಾರ್ಡಿನ ಪ್ರಕಾರ 61 ವರ್ಷ, ನನ್ನ ಲೆಕ್ಕದಲ್ಲಿ 58, ಕಸುಬು ಕುರಿ ಸಾಕಣೆ ಹಾಗೂ ಬೇಸಾಯ, ವಾಸ ಕೆಂಚಯ್ಯನದೊಡ್ಡಿ, ವಿರೂಪಾಕ್ಷಿಪುರ ಹೋಬಳಿ, ಚನ್ನಪಟ್ಟಣ ತಾಲ್ಲೂಕು, ರಾಮನಗರ ಜಿಲ್ಲೆ. ಓದು ಬರಹ ಬಾರದು.

ಈ ದಿನ ದಿನಾಂಕ 13-02-2025ರಂದು ಬೆಳಿಗ್ಗೆ 10-30 ಗಂಟೆಗೆ ನಾನಾಗಿಯೇ ಠಾಣೆಗೆ ಬಂದು, ಯಾರೂ ಹೇಳಿಕೊಡದೆ ನನ್ನ ಬಾಯಿಂದಲೇ ಬರೆಸುತ್ತಿರುವ ಸಂಗತಿ ಹೀಗಿದೆ.

ಮೇಲ್ಕಂಡ ವಿಳಾಸದಲ್ಲಿ ನಾನು, ನನ್ನ ಗಂಡ, ಮಗ ಬೈರೇಶ್ (34 ವರ್ಷ), ಸೊಸೆ ಶಿವಲಕ್ಷ್ಮಿ ಮತ್ತು ಮೊಮ್ಮಗಳು ಸುಮನಾ (7 ವರ್ಷ) ವಾಸವಾಗಿದ್ದೇವೆ. ಮಗ ಲಗೇಜ್ ಆಟೋ ಓಡಿಸುತ್ತಾನೆ. ಸೊಸೆ ಬೆಳಿಗ್ಗೆ 7-10ರ ಬಸ್ಸಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರೆ ಸಂಜೆ 7 ಗಂಟೆಗೆ ಬರುತ್ತಾಳೆ. ಹಗಲು ಮಗು ಇರುವುದು ನನ್ನ ಕೈಯಲ್ಲಿ. ನಮಗೆ 42 ಕುರಿಗಳಿವೆ. ದಿನಾಂಕ 11-02-2025ರಂದು ಆರೋಗ್ಯ ಕೇಂದ್ರದಲ್ಲಿ ನರ್ಸ್ ಜ್ಯೋತಿಲಕ್ಷ್ಮಿ ಎಂಬುವವರ ಕೈ ಮುರಿದ ಬಗ್ಗೆ ನನ್ನ ಮಗನ ಮೇಲೆ ಕೇಸು ಆಗಿದೆ. ಜಾಮೀನು ಸಿಗುವುದು ಕಷ್ಟದ ಕೇಸು ಎಂದು ಠಾಣೆಯವರು ನನಗೆ ತಿಳಿಸಿದ್ದಾರೆ. ಊರಿನಲ್ಲಿ ಮಾತ್ರ ಆ ನರ್ಸಮ್ಮನೇ ತಪ್ಪು ಇಂಜೆಕ್ಷನ್ ಚುಚ್ಚಿ ನನ್ನ ಮೊಮ್ಮಗಳನ್ನು ಸಾಯುವ ಹಾಗೆ ಮಾಡಿದರು ಎಂದು ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳು. ಸುಳ್ಳೆಂದು ನಮ್ಮ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ.

ದಿನಾಂಕ 10ರ ಸೋಮವಾರ ಶಾಲೆಯ ಮೇಡಂ ಮಗುವಿನ ಕೈಯಲ್ಲಿ ಚೀಟಿ ಕಳುಹಿಸಿದ್ದರು. ತಲೆಯಲ್ಲಿ ಹೇನು ವಿಪರೀತವಾಗಿದೆ, ಶುಚಿ ಮಾಡಿ ಕಳುಹಿಸಿ ಎಂದು ಅದರಲ್ಲಿತ್ತಂತೆ. ಸೊಸೆ ಅದನ್ನು ಓದಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳವಾಡಿ ಮುಗಿಸುತ್ತಿದ್ದೆ. ನಲವತ್ತೆರಡು ಕುರಿಗಳ ಮೈ ನೋಡಿಕೊಳ್ಳುವವಳಿಗೆ ಒಂದು ಮಗುವಿನ ತಲೆ ನೋಡಿಕೊಳ್ಳಲು ಆಗಲಿಲ್ಲವೇ ಎಂದು ರಾತ್ರಿಯೆಲ್ಲ ನನಗೆ ಉರಿಯಿತು.

ದಿನಾಂಕ 11ರ ಮಂಗಳವಾರ ಬೆಳಿಗ್ಗೆ 11-15ರ ಹೊತ್ತಿಗೆ ಮನೆಯಲ್ಲಿ ನಾನು ಮತ್ತು ಮಗು ಇಬ್ಬರೇ ಇದ್ದೆವು. ಕುರಿಗಳ ಮೈಗೆ ಉಣ್ಣೆ ಹುಳ ಹತ್ತಿದಾಗ ನಾವು ಬೆಳೆಗೆ ಹೊಡೆಯುವ ಒಂದು ಔಷಧಿಯನ್ನು ನೀರಿಗೆ ಬೆರೆಸಿ ಸವರುತ್ತೇವೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಔಷಧಿ. ಒಂದು ಸಲ ಸವರಿದರೆ ಹುಳಗಳು ಪಟಪಟನೆ ಉದುರುತ್ತವೆ. ಅದೇ ಔಷಧಿಯನ್ನು ಒಂದು ಮುಚ್ಚಳ ತೆಗೆದು, ನೀರಾದರೆ ಇಳಿದುಹೋಗುತ್ತದೆಂದು ಅರ್ಧ ಬಟ್ಟಲು ಕೊಬ್ಬರಿ ಎಣ್ಣೆಗೆ ಕಲಸಿ, ಮಗುವಿನ ತಲೆಗೆ ಬುಡಮಟ್ಟ ಹಚ್ಚಿ ಟವೆಲು ಬಿಗಿದು 45 ನಿಮಿಷ ಬಿಸಿಲಿಗೆ ಕೂರಿಸಿದೆ. ಮೈಮೇಲೆ ಹುಣ್ಣಿರುವ ಕುರಿಗೆ ಆ ಔಷಧಿ ಸವರಬಾರದು. ಇದು ನನಗೆ ನಮ್ಮತ್ತೆ ಕಾಲದಿಂದ ಗೊತ್ತು. ಮಗು ಕೆರೆದು ಕೆರೆದು ತಲೆಯಲ್ಲಿ ನಾಲ್ಕು ಕಡೆ ಹುಣ್ಣಾಗಿತ್ತು, ಅದನ್ನೂ ನೋಡಿದ್ದೆ. ಕುರಿಯ ವಿಷಯದಲ್ಲಿ ಇದ್ದ ಬುದ್ಧಿ ಮಗುವಿನ ವಿಷಯದಲ್ಲಿ ಯಾಕೆ ಬರಲಿಲ್ಲವೋ ನನಗೆ ಗೊತ್ತಿಲ್ಲ.

12 ಗಂಟೆಗೆ ಸೀಗೆಪುಡಿ ಹಾಕಿ ತಲೆ ತೊಳೆದು, ವಾಸನೆ ಹೋಗಲೆಂದು ಘಮಘಮ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದೆ. 12-40ಕ್ಕೆ ಮಗು ಹೊಟ್ಟೆನೋವು ಎಂದಿತು. ಬಾಯಿಂದ ಜೊಲ್ಲು ಸುರಿಯತೊಡಗಿತು, ಎರಡು ಸಲ ವಾಂತಿಯಾಯಿತು, ಮೈಯೆಲ್ಲ ಬೆವರಿ ಬಟ್ಟೆ ಒದ್ದೆಯಾಯಿತು. ಪಕ್ಕದ ಮನೆಯವರಿಂದ 1-05ಕ್ಕೆ ಮಗನಿಗೆ ಫೋನು ಮಾಡಿಸಿದೆ. ಅವನು 1-25ಕ್ಕೆ ಬಂದ. ಅವನ ಆಟೋದಲ್ಲಿ 4 ಕಿಲೋಮೀಟರು ದೂರದ ಆರೋಗ್ಯ ಕೇಂದ್ರಕ್ಕೆ 1-40ಕ್ಕೆ ತಲುಪಿದೆವು. ನಮ್ಮ ಜೊತೆ ಊರಿನ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು.

ಆ ದಿನ ಡಾಕ್ಟರು ತಾಲ್ಲೂಕು ಕಚೇರಿಯ ಮೀಟಿಂಗಿಗೆ ಹೋಗಿದ್ದರು. ನರ್ಸ್ ಜ್ಯೋತಿಲಕ್ಷ್ಮಿ ಮತ್ತು ಆಯಾ ಕೆಲಸದ ಗುಲ್ಜಾರ್ ಬೀ ಇಬ್ಬರೇ ಇದ್ದರು. ನರ್ಸಮ್ಮ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ, ಮೂಗಿಗೆ ಆಕ್ಸಿಜನ್ ಇಟ್ಟು, ಟಾರ್ಚು ಬಿಟ್ಟು ಕಣ್ಣು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮಗು ಏನಾದರೂ ಕುಡಿದಿದೆಯೇ, ಮೈಗೆ ತಲೆಗೆ ಏನಾದರೂ ಹಚ್ಚಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಈ ಮೊದಲನೇ ಸಲ ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ನಾನು ಬೆಳಗಿನ ಚಿತ್ರಾನ್ನದ ಬಗ್ಗೆ ಯೋಚಿಸುತ್ತಿದ್ದೆ.

1-46ಕ್ಕೆ ನರ್ಸಮ್ಮ 108ಕ್ಕೆ ಫೋನು ಮಾಡಿದರು. ನಂತರ ಡಾಕ್ಟರಿಗೆ ಮಾಡಿ, ಬೆಳೆಗೆ ಹೊಡೆಯುವ ಔಷಧಿಯ ವಿಷವಿರಬಹುದೆಂದು ಹೇಳಿ, ಅವರು ಹೇಳಿದಂತೆ ಒಂದು ಇಂಜೆಕ್ಷನ್ ಕೊಟ್ಟರು. ಔಷಧಿ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಗೊತ್ತಾಯಿತು.

1-52ಕ್ಕೆ ನರ್ಸಮ್ಮ ನನ್ನ ಕೈ ಹಿಡಿದು ಹೆರಿಗೆ ಕೋಣೆಯ ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಮೆಲ್ಲಗೆ, "ಮಗನ ಮುಂದೆ ಹೇಳಕ್ಕೆ ಆಗಲ್ಲ ಅಂದ್ರೆ ನನ್ನ ಕಿವೀಲಿ ಹೇಳಿ ಅಜ್ಜಿ, ನಾನು ಬಯ್ಯಲ್ಲ" ಎಂದು ಹೇಳಿದರು. ನಾನು "ಏನೂ ಹಚ್ಚಿಲ್ಲ ಕಣವ್ವ, ನಮ್ಮಪ್ಪನಾಣೆ" ಎಂದೆ. ಸತ್ತ ನಮ್ಮಪ್ಪನ ಮೇಲೆ ಆಣೆ ಇಟ್ಟದ್ದನ್ನೂ ಬರೆಯಬೇಕು. ನಾನು ಹೆದರಿದ್ದು ಪೊಲೀಸರಿಗಲ್ಲ, ಡಾಕ್ಟರಿಗೂ ಅಲ್ಲ. ಸೊಸೆಗೆ ಹೆದರಿದೆ. ದಿನಾ ಬೆಳಿಗ್ಗೆ ನಿದ್ದೆಗಣ್ಣಿನ ಕೂಸನ್ನು ನನ್ನ ಮಗ್ಗುಲಿಗೆ ತಂದು ಮಲಗಿಸಿ ಬಸ್ಸಿಗೆ ಓಡುವವಳು ಇನ್ನು ಮಲಗಿಸುವುದಿಲ್ಲ ಎಂದು ಹೆದರಿದೆ.

ನರ್ಸಮ್ಮ ಮತ್ತೆ ಕೇಳದೆ ಒಳಗೆ ಹೋಗಿ, ಮಗುವಿನ ಬಟ್ಟೆ ಬಿಚ್ಚಿಸಿ, ತಲೆಯನ್ನು ಮಂಚದ ಅಂಚಿಗೆ ತಂದು, ಗುಲ್ಜಾರ್ ಬೀಗೆ ನೀರು ಹೊಯ್ಯಲು ಹೇಳಿ ತಾವೇ ಸೋಪು ಹಾಕಿ ತಿಕ್ಕತೊಡಗಿದರು. ಮಧ್ಯದಲ್ಲಿ ಮಗುವಿನ ಕೂದಲು ಮೂಸಿ, ಇದೇನು ವಾಸನೆ ಅಜ್ಜಿ ಎಂದು ಕೇಳಿದರು. ಅದು ಮೂರನೇ ಸಲ. ಆಗ ನನ್ನ ಮಗ ಪಕ್ಕದಲ್ಲೇ ನಿಂತಿದ್ದ. ಘಮಘಮ ಎಣ್ಣೆಯದು ಎಂದೆ.

ಮಗು ಆ ಹೊತ್ತಿಗೆ ಕರೆದರೂ ಓಗೊಡುತ್ತಿರಲಿಲ್ಲ. 2-04ಕ್ಕೆ ನನ್ನ ಮಗ, "ಕೂಸು ಸಾಯ್ತಾ ಐತೆ, ನೀನು ತಲೆ ತಿಕ್ಕಂಡು ಕುಂತಿದ್ದೀಯಾ? ಇದಕ್ಕೇನಾ ಗೌರ್ಮೆಂಟು ಸಂಬ್ಳ ಕೊಡಾದು?" ಎಂದು ಕೂಗಿ ನೀರಿನ ಬಕೆಟ್ಟು ಒದ್ದ. ನರ್ಸಮ್ಮ ತಿರುಗಿ ನೋಡದೆ, ಹೊರಗೆ ನಿಲ್ಲಿ ಎಂದು ಗಟ್ಟಿಯಾಗಿ ಹೇಳಿದರು. ಅವನು ಅವರ ಎಡಗಿವಿಯ ಮೇಲೆ ಹೊಡೆದ. ಅವರು ಮಂಚಕ್ಕೆ ತಗುಲಿ ಮತ್ತೆ ಎದ್ದು ಮಗುವಿನ ತಲೆಗೆ ಕೈ ಹಾಕಿದಾಗ, ಪಕ್ಕದಲ್ಲಿದ್ದ ಡ್ರಿಪ್ ಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಎತ್ತಿ ಬೀಸಿದ. ಅವರು ಎಡಗೈ ಅಡ್ಡ ಹಿಡಿದರು. ಒಣಸೌದೆ ಮುರಿದ ಸದ್ದಾಯಿತು. ಬೈದ ಉಳಿದ ಮಾತುಗಳನ್ನು ನಾನು ಬರೆಸಲಾರೆ. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಒಬ್ಬ ಹೆಣ್ಣುಮಗಳಿಗೆ ಆ ಮಾತು ಆಡಿದ. ನನಗೆ ನಾಚಿಕೆಯಾಯಿತು.

ನಾನು ನಿಂತಿದ್ದ ಜಾಗಕ್ಕೂ ಅವರಿಗೂ ಐದು ಅಡಿ ಅಂತರ. ಔಷಧಿ ಹಚ್ಚಿದ್ದು ನಾನು ಎಂಬ ಒಂದು ಮಾತು ಸಾಕಿತ್ತು, ಅವನ ಕೈ ನಿಲ್ಲುತ್ತಿತ್ತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಜೊತೆಗೆ ಬಂದಿದ್ದ ಹುಡುಗರು ಬಾಗಿಲಲ್ಲಿ ನಿಂತು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದರು. ನರ್ಸಮ್ಮ ಹೊರಗೆ ನಿಲ್ಲಿ ಎಂದು ಗದರಿದ್ದಷ್ಟನ್ನೇ ಅವರು ಊರಿಗೆಲ್ಲ ಕಳುಹಿಸಿದ್ದಾರೆ. ಹೊಡೆದದ್ದನ್ನು ಕಳುಹಿಸಿಲ್ಲ.

ನರ್ಸಮ್ಮ ನೆಲದ ಮೇಲೆ ಕುಕ್ಕರಿಸಿದ್ದರು. ಕೈ ಮಣಿಕಟ್ಟಿನ ಹತ್ತಿರ ಜೋತುಬಿದ್ದಿತ್ತು. ಅಲ್ಲಿಂದಲೇ ಅವರು, "ಗುಲ್ಜಾರಮ್ಮ, ನೀರು ನಿಲ್ಲಿಸ್ಬೇಡಿ, ಕಿವಿ ಹಿಂದೆ ತೊಳೀರಿ" ಎಂದರು. ನನ್ನ ಮಗ ಸ್ಟ್ಯಾಂಡು ಹಿಡಿದು ನಿಂತೇ ಇದ್ದ. ಅದರ ಕೆಳಗಿನ ಚಕ್ರ ಇನ್ನೂ ತಿರುಗುತ್ತಿತ್ತು. 2-10ಕ್ಕೆ ನರ್ಸಮ್ಮ ಮಂಚ ಹಿಡಿದು ಎದ್ದು, ಗುಲ್ಜಾರ್ ಬೀ ಕೈಯಲ್ಲಿ ಔಷಧಿಯ ಸೀಸೆ ಹಿಡಿಸಿಕೊಂಡು, ಒಂದೇ ಕೈಯಿಂದ ಎರಡನೇ ಇಂಜೆಕ್ಷನ್ ಕೊಟ್ಟರು. 2-25ಕ್ಕೆ 108 ಬಂತು. ಅವರು ಮಗುವಿನ ಜೊತೆಗೇ ಅದರಲ್ಲಿ ಹತ್ತಿದರು. ದಾರಿಯುದ್ದಕ್ಕೂ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ಉಸಿರು ಎಣಿಸುತ್ತಿದ್ದರು. ನಾನು ಎದುರಿಗೆ ಕೂತಿದ್ದೆ. ಅವರು ನನ್ನನ್ನು ಏನೂ ಕೇಳಲಿಲ್ಲ.

3-20ಕ್ಕೆ ರಾಮನಗರದ ದೊಡ್ಡಾಸ್ಪತ್ರೆ ತಲುಪಿದೆವು. ಇನ್ನು ಹತ್ತು ನಿಮಿಷ ತಲೆ ತೊಳೆಯದೆ ಬಿಟ್ಟಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ನನ್ನ ಮುಂದೆಯೇ ಹೇಳಿದರು. ಯಾವ ಔಷಧಿ ಎಂದು ಗೊತ್ತಾದರೆ ಒಳ್ಳೆಯದು, ಮೂರ್ನಾಲ್ಕು ದಿನದೊಳಗೆ ಮತ್ತೆ ಉಸಿರು ಕಟ್ಟುವ ಭಯವಿದೆ ಎಂದೂ ಹೇಳಿದರು. ಆಗಲೂ ನಾನು ಸುಮ್ಮನಿದ್ದೆ.

ದಿನಾಂಕ 12ರಂದು ಸಂಜೆ 5-30ಕ್ಕೆ ನಮ್ಮೂರಿನ ಮಾಜಿ ಪಂಚಾಯ್ತಿ ಮೆಂಬರ್ ಹನುಮಂತಯ್ಯನವರು ಟೈಪು ಮಾಡಿಸಿದ ಕಾಗದ ತಂದು ನನಗೆ ಓದಿ ಹೇಳಿದರು. ನರ್ಸು ಡಾಕ್ಟರನ್ನು ಕೇಳದೆ ಇಂಜೆಕ್ಷನ್ ಕೊಟ್ಟಳು, ನಮ್ಮನ್ನು ಕೆಟ್ಟದಾಗಿ ಬೈದಳು, ಕಾಲು ಜಾರಿ ತಾನೇ ಬಿದ್ದಳು ಎಂದು ಅದರಲ್ಲಿತ್ತು. "ಇದಕ್ಕೊಂದು ಹೆಬ್ಬೆಟ್ಟು ಒತ್ಬುಡು ತಿಮ್ಮಕ್ಕ. ಅವ್ಳ ಮ್ಯಾಲೂ ಒಂದು ಕೇಸು ಆಯ್ತದೆ, ಆಮ್ಯಾಕೆ ತಾನಾಗೇ ರಾಜಿಗೆ ಬತ್ತಾಳೆ" ಎಂದರು. ನಾಳೆ ಠಾಣೆಯಲ್ಲೇ ಒತ್ತುತ್ತೇನೆ ಎಂದೆ. ಒತ್ತುವುದೆಂದೇ ಆಗ ನನ್ನ ಮನಸ್ಸಿನಲ್ಲಿ ಇತ್ತು.

ಈ ದಿನ ಬೆಳಿಗ್ಗೆ 8-10ಕ್ಕೆ ಆಸ್ಪತ್ರೆಯಲ್ಲಿರುವ ಮಗುವಿಗೆ ಗಂಜಿ ತೆಗೆದುಕೊಂಡು ಬಸ್ಸಿಗೆ ಕಾಯಲು ಆರೋಗ್ಯ ಕೇಂದ್ರದ ಸ್ಟಾಪಿಗೆ ಬಂದೆ. ಕೇಂದ್ರದ ಬಾಗಿಲು ಹಾಕಿತ್ತು. ಗುಲ್ಜಾರ್ ಬೀ ಮೆಟ್ಟಿಲ ಮೇಲೆ ಕೂತು, ನಾಯಿ ಕಚ್ಚಿಸಿಕೊಂಡು ಬಂದ ಒಬ್ಬರಿಗೆ ಚನ್ನಪಟ್ಟಣಕ್ಕೆ ಹೋಗಲು ಹೇಳುತ್ತಿದ್ದರು. ನನ್ನನ್ನು ಬೈಯುತ್ತಾರೆಂದುಕೊಂಡು ಮುಖ ತಿರುಗಿಸಿದೆ. ಅವರೇ ಎದ್ದು ಬಂದು ಮಗು ಹೇಗಿದೆ ಎಂದು ಕೇಳಿದರು. ನಿನ್ನೆ ಕೈಗೆ ಪ್ಲೇಟು ಹಾಕಿಸಿಕೊಂಡು ಎಚ್ಚರವಾದ ಕೂಡಲೇ ನರ್ಸಮ್ಮ ಮಗುವಿನ ಡಾಕ್ಟರಿಗೆ ಹೇಳಿ ಕಳುಹಿಸಿದ್ದನ್ನು ತಿಳಿಸಿದರು. "ಅಜ್ಜಿ ಏನೋ ಹಚ್ಚವ್ರೆ, ಹೆದರ್ಕಂಡವ್ರೆ. ಮನೆಯೋರ ಮುಂದೆ ಕೇಳ್ಬೇಡಿ, ಬಯ್ಬೇಡಿ, ಒಬ್ಬರೇ ಇದ್ದಾಗ ನಿಧಾನಕ್ಕೆ ಕೇಳಿ ಅಂದ್ರು ಕಣಮ್ಮ" ಎಂದರು.

ನರ್ಸಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ಅವರು ಕೊಟ್ಟ ದೂರಿನಲ್ಲಿ ನನ್ನ ಮೇಲೆ ಒಂದು ಅಕ್ಷರವೂ ಇಲ್ಲವೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಎಡಗಿವಿ ಅವರಿಗೆ ಇನ್ನೂ ಕೇಳಿಸುತ್ತಿಲ್ಲವಂತೆ.

ನಾನು ಬಸ್ಸು ಹತ್ತದೆ ಮನೆಗೆ ನಡೆದು, ಕುರಿ ರೊಪ್ಪದ ಸೂರಿನಲ್ಲಿ ಸಿಕ್ಕಿಸಿದ್ದ ಔಷಧಿ ಬಾಟಲಿ ತೆಗೆದುಕೊಂಡು, ಗಂಜಿಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳುಹಿಸಿ, ಮುಂದಿನ ಬಸ್ಸಿಗೆ ಇಲ್ಲಿಗೆ ಬಂದೆ. ಗೇಟಿನ ಹತ್ತಿರ ಹನುಮಂತಯ್ಯನವರು ಕಾಗದ ಹಿಡಿದು ನಿಂತಿದ್ದರು. ನನಗೂ ಬಾಯಿ ಇದೆ, ನಿಮ್ಮ ಕಾಗದ ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಒಳಗೆ ಬಂದೆ. ಬಾಟಲಿಯನ್ನು ಹಾಜರುಪಡಿಸಿದ್ದೇನೆ. ಬರೆಯುವ ಮೊದಲು ಅದರ ಮೇಲಿನ ಹೆಸರನ್ನು ಆಸ್ಪತ್ರೆಗೆ ತಿಳಿಸಬೇಕೆಂದು ಕೇಳಿದ್ದಕ್ಕೆ, ಠಾಣೆಯವರು 10-40ಕ್ಕೆ ಫೋನು ಮಾಡಿ ತಿಳಿಸಿದರು.

ಇದನ್ನು ಬರೆಸಿದರೆ ಮಗನಿಗೆ ಶಿಕ್ಷೆಯಾಗಬಹುದು, ನನ್ನ ಮೇಲೂ ಕ್ರಮವಾಗಬಹುದು ಎಂದು ಇದನ್ನು ಬರೆದುಕೊಳ್ಳುತ್ತಿರುವ ಪೊಲೀಸ್ ಮೇಡಂ ಎರಡು ಸಲ ತಿಳಿಸಿ ಹೇಳಿದರು. ಗೊತ್ತಿದ್ದೇ ಬರೆಸಿದ್ದೇನೆ. ಮಗನನ್ನು ಬೆಳಿಗ್ಗೆಯಿಂದ ವಿಚಾರಣೆಗೆಂದು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದಾರೆ. ಔಷಧಿಯ ವಿಷಯ ಅವನಿಗೆ ಈ ಗಳಿಗೆಯವರೆಗೂ ಗೊತ್ತಿಲ್ಲ. ನರ್ಸಮ್ಮನಿಂದಲೇ ಹೀಗಾಯಿತೆಂದು ಅವನು ನಂಬಿದ್ದಾನೆ. ಬೇರೆಯವರ ಬಾಯಿಂದ ಅವನು ಕೇಳುವುದು ಬೇಡ, ಅವನನ್ನು ಒಳಗೆ ಕರೆಸಿ ನನ್ನ ಮುಂದೆಯೇ ಓದಿ ಎಂದು ಕೇಳಿಕೊಂಡಿದ್ದೇನೆ. ನಾನು ಕಂಡದ್ದನ್ನೂ ಮಾಡಿದ್ದನ್ನೂ ಬಿಟ್ಟು ಬೇರೇನನ್ನೂ ಇದರಲ್ಲಿ ಸೇರಿಸಿಲ್ಲ, ಮುಚ್ಚಿಟ್ಟಿಲ್ಲ.

ಸ್ಥಳ: ಚನ್ನಪಟ್ಟಣ
ದಿನಾಂಕ: 13-02-2025
ಹೇಳಿಕೆದಾರಳ ಎಡಗೈ ಹೆಬ್ಬೆಟ್ಟಿನ ಗುರುತು

ಷರಾ: ಹೇಳಿಕೆದಾರಳ ಕೋರಿಕೆಯಂತೆ ಆಕೆಯ ಮಗ ಬೈರೇಶನನ್ನು ಒಳಗೆ ಕರೆಸಿ ಮಧ್ಯಾಹ್ನ 12-35ರಿಂದ 12-50ರವರೆಗೆ ಮೇಲಿನದನ್ನು ಪೂರ್ತಿಯಾಗಿ ಓದಿ ಹೇಳಲಾಯಿತು. ಕುರ್ಚಿ ಕೊಟ್ಟರೂ ಆತ ಕೂರಲಿಲ್ಲ. ಹೇಳಿಕೆದಾರಳ ಕೈ ನಡುಗುತ್ತಿದ್ದುದರಿಂದ ಮೊದಲ ಗುರುತು ಅಳಿಸಿಹೋಗಿದ್ದು, ಅದನ್ನು ಹೊಡೆದುಹಾಕಲಾಗಿದೆ. ಎರಡನೆಯ ಗುರುತು ತೆಗೆಯುವಾಗ ಆಕೆಯ ಕೈಯನ್ನು ಅಲುಗದಂತೆ ಹಿಡಿದುಕೊಂಡವನು ಮಗ ಬೈರೇಶ್.

ಬರೆದುಕೊಂಡವರು: ಮಹಿಳಾ ಮುಖ್ಯಪೇದೆ (ಸಹಿ)