ಚೀಟಿ ಮಾತ್ರ ತಪ್ಪಾಗಿತ್ತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಹಾಗೆ ಗಾಜಿನ ಕಪಾಟುಗಳ ನಡುವೆ ನಿಂತೇ ಕಾಲು ಸವೆಸಿದ ಔಷಧಿ ಅಂಗಡಿಯ ಮಿತ್ರರೇ, ಊಟದ ಕಡೆ ಒಂದು ಕಣ್ಣಿಟ್ಟಿರುವ ಸಭಿಕರೇ,

ಸನ್ಮಾನ ಪತ್ರ ಓದಿದಿರಿ. ‘ಮೂವತ್ತೆಂಟು ವರ್ಷಗಳಲ್ಲಿ ಇವರ ಕೈಯಿಂದ ಒಂದೇ ಒಂದು ತಪ್ಪು ಔಷಧಿ ಹೋಗಿಲ್ಲ.’ ಚಪ್ಪಾಳೆಯೂ ಬಿತ್ತು. ಡಾಕ್ಟರರ ಕಾಗೆಕಾಲು ಗುಬ್ಬಿಕಾಲು ಓದಿ ಓದಿ ದಪ್ಪವಾದ ಈ ಕನ್ನಡಕಕ್ಕೂ ಒಂದು ಚಪ್ಪಾಳೆ ಸಲ್ಲಬೇಕಿತ್ತು.

ನಮ್ಮ ಕಸುಬಿನ ಮೊದಲ ಪಾಠ ಯಾವುದು? ಮಾತ್ರೆಯ ಸ್ಟ್ರಿಪ್ ಕತ್ತರಿಸುವಾಗ ಹೆಸರು, ತಾರೀಖು ಇರುವ ತುದಿಯನ್ನು ಕೊನೆಯವರೆಗೆ ಉಳಿಸಬೇಕು. ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ ನನ್ನ ತಂಗಿಯ ಮಾತ್ರೆಗಳನ್ನೆಲ್ಲ ಬಿಡಿಸಿ, ಖಾಲಿ ಡಬ್ಬಿಗೆ ತುಂಬಿ, ‘ರಕ್ತ ಹೆಚ್ಚಿಸುವ ಮಾತ್ರೆ’ ಎಂದು ನಾನೇ ಚೀಟಿ ಅಂಟಿಸಿದೆ.

ಅದು ಖಿನ್ನತೆಯ ಮಾತ್ರೆ. ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮಾತ್ರೆ ಶುರುವಾದ ಮೊದಲ ಎರಡು ವಾರ ಬರೀ ಹೊಟ್ಟೆ ತೊಳಸಿತು, ಬಾಯಿ ಒಣಗಿತು. ಐದನೆಯ ವಾರ, ಒಂದು ಬೆಳಿಗ್ಗೆ ನನ್ನ ಅಂಗಿಗೆ ಗುಂಡಿ ಹೊಲಿಯುತ್ತಾ, “ಅಣ್ಣಾ, ನಿನ್ನ ಹೊಟ್ಟೆಗೆ ಈ ದಾರ ತಡೆಯಲ್ಲ ಕಣೋ” ಎಂದಳು. ಗುಣವಾದಳು ಎನ್ನಲು ನನಗೆ ಅಷ್ಟೇ ಸಾಕಾಯಿತು. ಅವಳ ಮದುವೆ ಗೊತ್ತು ಮಾಡಿದೆ.

“ಗಂಡಿನ ಕಡೆಯವರಿಗೆ ನಿಜ ಹೇಳಿಬಿಡೋಣ” ಎಂದಳು.

“ಹುಚ್ಚಿ ಅಂತಾರೆ, ಸುಮ್ನಿರು” ಎಂದೆ. ಆ ಮಾತು ಅವರ ಬಾಯಲ್ಲಿ ಎಂದೂ ಬರಲಿಲ್ಲ. ಬಂದದ್ದು ನನ್ನ ಬಾಯಲ್ಲಿ.

ಮದುವೆಯಾದ ಆರು ತಿಂಗಳಿಗೆ ಅವಳ ಅತ್ತೆ, “ಮುಖ ಇಷ್ಟು ಕೆಂಪಗಿದೆ, ಇನ್ಯಾಕಮ್ಮ ರಕ್ತದ ಮಾತ್ರೆ?” ಎಂದು ಡಬ್ಬಿಯನ್ನು ಕಸಕ್ಕೆ ಹಾಕಿದರು. ಅವರ ತಪ್ಪೇನು? ಚೀಟಿ ನಂಬಿದರು. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದೆಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದವನು ನಾನು.

ಮೂರನೆಯ ದಿನ ಅಂಗಡಿಗೆ ಫೋನ್ ಬಂತು. “ಅಣ್ಣಾ, ತಲೇಲಿ ಕರೆಂಟ್ ಹೊಡೆದ ಹಾಗಾಗ್ತಿದೆ. ನಿದ್ದೆ ಇಲ್ಲ. ಮಾತ್ರೆ ಕಳ್ಸು.” ಅಂಗಡಿ ತುಂಬ ಜನ. ಅವಳ ಮೈದುನನೂ ಕೆಮ್ಮಿನ ಔಷಧಿಗೆ ಬಂದು ನಿಂತಿದ್ದ. ಅವನಿಗೆ ಕೇಳಲೆಂದೇ ನಕ್ಕೆ. “ರಕ್ತದ ಮಾತ್ರೆ ತಾನೇ, ನಾಲ್ಕು ದಿನ ಬಿಟ್ರೆ ಏನೂ ಆಗಲ್ಲ ಬಿಡು” ಎಂದು ಫೋನ್ ಇಟ್ಟೆ.

ಮರುದಿನ ಅವಳು ಮಹಡಿಯಿಂದ ಬಿದ್ದಳು. ‘ಬಿದ್ದಳು’ ಎಂದೇ ಇವತ್ತಿನವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದೂ ನಾನು ಅಂಟಿಸಿದ ಚೀಟಿಯೇ.

ಬದುಕಿದ್ದಾಳೆ. ಕೋಲು ಹಿಡಿದು ನಡೆಯುತ್ತಾಳೆ. ಮಾತ್ರೆಯನ್ನೂ ತಪ್ಪದೆ ತೆಗೆದುಕೊಳ್ಳುತ್ತಾಳಂತೆ, ಆದರೆ ನನ್ನ ಅಂಗಡಿಯಿಂದಲ್ಲ. ನನ್ನೊಡನೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಇವತ್ತಿಗೆ ಆಹ್ವಾನ ಕಳಿಸಿದ್ದೆ. ಮುಂದಿನ ಸಾಲಿನಲ್ಲಿ ಅವಳಿಗೆಂದು ಇಡಿಸಿದ ಆ ಕುರ್ಚಿಯಲ್ಲಿ ಈಗ ಯಾರದೋ ಕೈಚೀಲ ಕೂತಿದೆ.

ಸನ್ಮಾನ ಪತ್ರದಲ್ಲಿ ಸುಳ್ಳೇನೂ ಇಲ್ಲ, ಅಧ್ಯಕ್ಷರೇ. ನಾನು ಕೊಟ್ಟ ಔಷಧಿ ಸರಿಯಾಗಿಯೇ ಇತ್ತು.

ಈ ಸಭೆಯಲ್ಲಿ ನಿಮ್ಮಲ್ಲೇ ಯಾರೋ ಒಬ್ಬರು ಈಗ ಅವಳಿಗೆ ಮಾತ್ರೆ ಕೊಡುತ್ತಿದ್ದೀರಿ. ಯಾರೆಂದು ನಾನು ಕೇಳುವುದಿಲ್ಲ. ಹೆಸರಿರುವ ತುದಿಯನ್ನು ದಯವಿಟ್ಟು ಕೊನೆಗೆ ಕತ್ತರಿಸಿ. ನನ್ನ ವಂದನೆಗಳು ನಿಮಗೆ ಮಾತ್ರ. ನಮಸ್ಕಾರ.