ಮೂರು ಶಾಲು, ನಾಲ್ಕು ಸ್ವರ

ಈಗಾಗಲೇ ಎರಡು ಬಾರಿ ಗಡಿಯಾರ ನೋಡಿಕೊಂಡ ಮಾನ್ಯ ಅಧ್ಯಕ್ಷರೇ, ಮಂಗಳೂರಿನಿಂದ ದಯಮಾಡಿಸಿದ ಮುಖ್ಯ ಅತಿಥಿಗಳೇ, ನಮ್ಮ ಸಂಗೀತಾಭಿಮಾನಿ ಸಂಘದ ಉತ್ಸಾಹಿ ಕಾರ್ಯದರ್ಶಿಗಳೇ, ನನ್ನ ಪಕ್ಕದಲ್ಲಿ ಶಾಲು ಹೊದ್ದು ಕುಳಿತಿರುವ ಸೆಲೆಸ್ಟಿನ್ ಬಾಯಿಯವರೇ, ಕಾರ್ಮಿನ್ ಬಾಯಿಯವರೇ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಬಂದು ಕುರ್ಚಿ ಸಿಗದೆ ನಿಂತಿರುವ ಸಭಿಕರೇ,

ನನ್ನ ಶಾಲು ಮೇಜಿನ ಮೇಲೆಯೇ ಇದೆ. ನಾನು ಅದನ್ನು ಹೊದೆಯಲಿಲ್ಲ. ಸೆಖೆ ಇರಬೇಕು ಎಂದು ಕೆಲವರು ಭಾವಿಸಿದಂತೆ ಕಾಣುತ್ತದೆ. ಡಿಸೆಂಬರಿನಲ್ಲಿ ಎಂಥ ಸೆಖೆ? ನನಗೆ ಸಿಟ್ಟು ಬಂದಿದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು, ಸಿಟ್ಟನ್ನು ವ್ಯಾಕರಣಬದ್ಧವಾಗಿಯೇ ಹೇಳುತ್ತೇನೆ. ಆದರೆ ಹೇಳದೆ ಇಳಿಯುವುದಿಲ್ಲ.

ಹತ್ತು ವರ್ಷಗಳ ಹಿಂದೆ, ಐವತ್ತಾರನೆಯ ಇಸವಿಯಲ್ಲಿ, ನಾವು ಮದ್ರಾಸಿಗೆ ಹೋಗಿ ಕ್ರಿಸ್ಮಸ್ ಹಬ್ಬದ ಕೊಂಕಣಿ ಹಾಡುಗಳನ್ನು ಗ್ರಾಮಫೋನ್ ಪ್ಲೇಟಿಗೆ ಹಾಡಿ ಬಂದೆವು. ಪುಸ್ತಕದ ಹಾಗೆ ಬೈಂಡು ಮಾಡಿದ ನೀಲಿ ರಟ್ಟು, ಒಳಗೆ ಪುಟಗಳ ಬದಲಿಗೆ ಕಪ್ಪು ಪ್ಲೇಟುಗಳು. ಆ ಆಲ್ಬಮ್ಮನ್ನು ಕೇಳದ ಕಿವಿ ಈ ಮೂರು ಊರುಗಳಲ್ಲಿ ಉಂಟೇ? ಹಬ್ಬಕ್ಕೆ ಇಗರ್ಜಿಯ ಅಂಗಳದಲ್ಲಿ ಹಾಕುತ್ತಾರೆ, ಅದು ಸರಿ. ಪುಂಜಾಲಕಟ್ಟೆಯಲ್ಲಿ ಮದುವೆಯ ಚಪ್ಪರಕ್ಕೆ ಹಾಕುತ್ತಾರೆ. ನೆರಿಯದಲ್ಲಿ ಮನೆ ಒಕ್ಕಲಿಗೆ ಹಾಕುತ್ತಾರೆ. ಕಳೆದ ಮೇ ತಿಂಗಳಲ್ಲಿ ವಾಲಿಬಾಲ್ ಪಂದ್ಯಕ್ಕೆ ಮೊದಲು ಬಾಲಯೇಸುವಿನ ಜೋಗುಳವನ್ನು ನಾನೇ ಕೇಳಿದ್ದೇನೆ. ಯಾರೂ ಬೇಡ ಅನ್ನಲಿಲ್ಲ. ಯಾರಿಗೂ ಭಾಷೆ ಅಡ್ಡ ಬರಲಿಲ್ಲ, ಜಾತಿ ಅಡ್ಡ ಬರಲಿಲ್ಲ. ಅಂಥ ಆಲ್ಬಮ್ಮಿಗೆ ಹತ್ತು ವರ್ಷ ತುಂಬಿತೆಂದು ಸಂಘದವರು ಈ ಸಭೆ ಕರೆದರು. ಸಂತೋಷ. ಆಮಂತ್ರಣ ಪತ್ರಿಕೆ ಬಂತು. ಗಾಯಕರ ಹೆಸರು ಮೂರು!

ನಾಲ್ಕು ಕಂಠ ನಾಲ್ಕು ಸ್ವರದಲ್ಲಿ ಒಟ್ಟಿಗೆ ಹಾಡುವ ಹಾಡಿಗೆ ಮೂವರು ಗಾಯಕರೇ?

ನಾನು ಮರುದಿನವೇ ಕಾರ್ಯದರ್ಶಿಗಳ ಅಂಗಡಿಗೆ ಹೋದೆ. ಅವರು ಹೇಳಿದರು: “ನಾವು ಅಂದಾಜಿಗೆ ಮಾಡಿದ್ದಲ್ಲ ಮಾಸ್ಟ್ರೇ. ರಟ್ಟಿನ ಮೇಲೆ ಯಾರ ಹೆಸರೂ ಇಲ್ಲ ಅಲ್ವಾ? ಅದಕ್ಕೆ ಇಡೀ ಕಮಿಟಿ ಮೈಕ್‌ಸೆಟ್ಟಿನ ಉಮ್ಮರನ ಅಂಗಡಿಯಲ್ಲಿ ಕೂತು ಎಲ್ಲ ಪ್ಲೇಟು ಕೇಳಿದ್ದೇವೆ. ಹೆಂಗಸರದ್ದು ಎರಡು, ನಿಮ್ಮದೊಂದು. ಮೂರೇ ಸ್ವರ ಇರುದು.”

ಸಭಿಕರೇ, ಕಮಿಟಿ ಕೂತು ಕಿವಿಯಲ್ಲಿ ಎಣಿಸಿ ಒಬ್ಬ ಮನುಷ್ಯನನ್ನು ಕಳೆದುಬಿಡಬಹುದೇ? ಆ ಮನುಷ್ಯ ಇಲ್ಲಿಯೇ ಇದ್ದಾರೆ. ಬಾಗಿಲ ಬಳಿ ಟಿಕೇಟಿನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿರುವ ಹುಕ್ರಪ್ಪನವರು. ಬೆಳ್ತಂಗಡಿ ಬಸ್ಸಿನ ಕಂಡಕ್ಟರು. ತಿರುಗಿ ನೋಡಬೇಡಿ, ಅವರು ನಾಚಿ ಹೊರಗೆ ಹೋಗಿಬಿಟ್ಟಾರು. ಕಡೆಯ ಬಸ್ಸು ಹೋಗಿಬಿಡುತ್ತದೆಂದು ಯಾರೂ ಗಾಬರಿಯಾಗಬೇಡಿ, ಕಂಡಕ್ಟರ್ ಇಲ್ಲಿರುವ ತನಕ ಬಸ್ಸು ಎಲ್ಲಿಗೂ ಹೋಗುವುದಿಲ್ಲ.

ನಮಗೆ ಹಾಡು ಕಲಿಸಿದವರು ಮೂಡುಬಿದಿರೆಯ ಸಿಮಾಂವ್ ಮಾಸ್ಟ್ರು, ಈಗ ದೇವರ ಬಳಿ ಇದ್ದಾರೆ. ಮದ್ರಾಸಿಗೆ ಹೋಗಲು ತಿಂಗಳೆರಡು ಇರುವಾಗ ನಮ್ಮ ಕೆಳಗಿನ ದಪ್ಪ ಸ್ವರದವನು ಕೆಲಸ ಸಿಕ್ಕಿತೆಂದು ಬೊಂಬಾಯಿಗೆ ಓಡಿದ. ಮಾಸ್ಟ್ರು ಚಿಂತೆಯಲ್ಲಿ ಬಸ್ಸು ಹತ್ತಿದವರು, ಹಿಂದಿನಿಂದ ಕಂಡಕ್ಟರು “ರೈಟ್ ಪೋಯಿ!” ಎಂದು ಕೂಗಿದ್ದನ್ನು ಕೇಳಿದರು. ಸೀಟು ನಡುಗಿತಂತೆ. ಇಳಿಯಬೇಕಾದಲ್ಲಿ ಇಳಿಯದೆ, ಇನ್ನೊಮ್ಮೆ ಕೇಳಬೇಕೆಂದು ಬಂಟ್ವಾಳದ ತನಕ ಕುಳಿತರು, ಇಳಿಯುವಾಗ ಹುಕ್ರಪ್ಪನವರನ್ನು ಹಾಡಲು ಕರೆದರು. ಕೊಂಕಣಿ ಬಾರದವನು, ಇಗರ್ಜಿಗೆ ಬಾರದವನು ಎಂದು ಕೆಲವರು ಗೊಣಗಿದರು. “ಮಗುವಿಗೆ ಜೋಗುಳ ಹಾಡ್ಲಿಕ್ಕೆ ಯಾರ ಸರ್ಟಿಫಿಕೇಟು ಬೇಕು?” ಎಂದು ಮಾಸ್ಟ್ರು ಕೇಳಿದರು.

ಹುಕ್ರಪ್ಪನವರು ಬಸ್ಸಿನಲ್ಲಿಯೇ ಅಭ್ಯಾಸ ಮಾಡಿದರು. ನಾಲ್ಕು ಸ್ವರದ ಹಾಡಿನಲ್ಲಿ ಕೆಳಗಿನದನ್ನು ಮಾತ್ರ ಹಾಡಿದರೆ ಅದು ಹಾಡೆಂದೇ ಅನ್ನಿಸುವುದಿಲ್ಲ, ಒಂದೇ ಕಡೆ ಹೂಂಕರಿಸಿದ ಹಾಗೆ ಕೇಳುತ್ತದೆ. ಕಂಡಕ್ಟರಿಗೆ ಹೊಟ್ಟೆನೋವೋ ಎಂದು ಪ್ರಯಾಣಿಕರು ವಿಚಾರಿಸಿದ್ದುಂಟು. ಆದರೆ ಆ ಹೂಂಕಾರದ ಮೇಲೆಯೇ ನಾವು ಮೂವರು ನಿಂತದ್ದು. ಅವರು ಇಲ್ಲದಿದ್ದರೆ ನನ್ನ ಸ್ವರ ಎರಡನೆಯ ಸಾಲಿನಲ್ಲಿಯೇ ಜಾರುತ್ತದೆ. ಹತ್ತು ವರ್ಷಗಳಿಂದ ನಾನು ಎಲ್ಲಿಯೂ ಹಾಡದೆ ಇರುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣವನ್ನು ಇಲ್ಲಿ ಹೇಳಬೇಕಾಗಿಲ್ಲ. ಮದ್ರಾಸಿನಲ್ಲಿ ಸೆಲೆಸ್ಟಿನ್ ಬಾಯಿಯವರು ಯಾವ ಬಣ್ಣದ ಸೀರೆ ಉಟ್ಟಿದ್ದರೆಂಬುದೂ ನನಗೆ ನೆನಪಿಲ್ಲ. ತಿಳಿಹಸಿರು, ಸಣ್ಣ ಅಂಚಿನದು. ಅವರ ಯಜಮಾನರು ಎದುರಿಗೇ ಕುಳಿತಿದ್ದಾರೆ, ಅವರಿಗೂ ನನ್ನ ಗೌರವ. ಇರಲಿ, ನಾನು ಹೇಳಹೊರಟದ್ದು ಬೇರೆ.

ಮದ್ರಾಸಿನ ಕಂಪೆನಿಯಲ್ಲಿ ಒಂದೇ ಮೈಕು. ಹುಕ್ರಪ್ಪನವರು ಬಾಯಿ ತೆರೆದದ್ದೇ ತಡ, ಯಂತ್ರದ ಮುಳ್ಳು ಗೆರೆ ಬಿಟ್ಟು ಹಾರಿತು. ಅವರನ್ನು ಹಿಂದೆ ಹಿಂದೆ ನಿಲ್ಲಿಸುತ್ತ ಕೊನೆಗೆ ಬಾಗಿಲಿಗೆ ಒರಗಿಸಿದರು. ಅಷ್ಟು ದೂರದಿಂದ ಹಾಡಿದರೂ ಯಂತ್ರದವರು ತಲೆದೂಗಿದರು. ಅಂಥ ಸ್ವರ ಇಲ್ಲವೆಂದು ನಮ್ಮ ಕಮಿಟಿ ಠರಾವು ಮಾಡುತ್ತದೆ!

ಆಮಂತ್ರಣ ಪತ್ರಿಕೆ ಹಿಡಿದು ನಾನು ಬಸ್ಸಿನಲ್ಲಿ ಕೂಗಾಡಿದಾಗ ಹುಕ್ರಪ್ಪನವರು ಏನೆಂದರು ಗೊತ್ತೇ? “ಬೇಡ ಮಾಸ್ಟ್ರೇ, ಅವರು ಹೇಳುದು ಸರಿ ಉಂಟು. ನಾನು ಎಷ್ಟೋ ಮದುವೆಯಲ್ಲಿ ಕೇಳಿದ್ದೇನೆ. ಅದರಲ್ಲಿ ನನ್ನ ಸ್ವರ ಇಲ್ಲ. ಮದ್ರಾಸಿನವರು ತೆಗೆದಿರಬೇಕು. ಬಾಗಿಲ ಹತ್ರ ನಿಲ್ಲಿಸಿದಾಗಲೇ ನನಗೆ ಅಂದಾಜಾಗಿತ್ತು.”

ಅವರ ಮನೆಯಲ್ಲಿ ಪ್ಲೇಟು ಹಾಕುವ ಯಂತ್ರವಿಲ್ಲ. ಅವರ ಹೆಂಡತಿ ಪೂವಮ್ಮ ಮೊದಮೊದಲು ಚಪ್ಪರದಲ್ಲಿ ಮೈಕಿನ ಹಾರ್ನಿನ ಕೆಳಗೇ ನಿಂತು ಗಂಡನ ಸ್ವರವನ್ನು ಹುಡುಕುತ್ತಿದ್ದರಂತೆ. ಸಿಗಲಿಲ್ಲ. “ಹಾಗಾದ್ರೆ ಮದ್ರಾಸಿಗೆ ಹೋಗಿ ಎಂತ ಮಾಡಿದ್ದು ನೀವು? ಇಡ್ಲಿ ತಿಂದು ಬಂದದ್ದಾ?” ಎಂದು ಕೇಳಿದರಂತೆ. ತಮಾಷೆಗೆ ಕೇಳಿದ್ದು. ಆದರೆ ಆ ದಿನದಿಂದ ಹುಕ್ರಪ್ಪನವರು, ತಾನು ಹಾಡಿದ್ದೇನೆ ಎಂದು ಯಾರಲ್ಲಿಯೂ ಹೇಳಿಲ್ಲ. ಹತ್ತು ವರ್ಷ! ಊರೆಲ್ಲ ಕುಣಿಯುವ ಹಾಡಿನಲ್ಲಿ ತಾನಿಲ್ಲವೆಂದು ಒಬ್ಬ ಹಾಡುಗಾರ ನಂಬಿಕೊಂಡು ಟಿಕೇಟು ಹರಿಯುತ್ತಿದ್ದಾನೆ. ನನಗೆ ಸಿಟ್ಟು ಬರಬೇಡವೇ?

ಹೋದ ಭಾನುವಾರ ಮೂಡುಬಿದಿರೆಗೆ ಹೋಗಿ, ಸಿಮಾಂವ್ ಮಾಸ್ಟ್ರ ಮನೆಯ ಹಳೆಯ ರೇಡಿಯೋಗ್ರಾಮಿನಲ್ಲಿ ಅದೇ ಪ್ಲೇಟು ಹಾಕಿಸಿದೆ. ಸಭಿಕರೇ, ಹುಕ್ರಪ್ಪನವರು ಅಲ್ಲಿದ್ದರು! ಮೇಜಿನ ಮೇಲಿದ್ದ ಲೋಟ ಗುಂಯ್‌ಗುಟ್ಟಿತು. ಸೀದಾ ಉಮ್ಮರನ ಅಂಗಡಿಗೆ ಬಂದು ಗದರಿಸಿದೆ. ಉಮ್ಮರ್ ನನ್ನ ಹಳೆಯ ವಿದ್ಯಾರ್ಥಿ. “ಸರ್, ಈ ತಗಡಿನ ಹಾರ್ನಿಗೆ ದಪ್ಪ ಸ್ವರ ಹಿಡಿಯುದಿಲ್ಲ. ಅದು ದೂರಕ್ಕೆ ಕೇಳ್ಲಿಕ್ಕೆ ಮಾಡಿದ್ದು” ಎಂದ. ಅಂದರೆ ಚಪ್ಪರ ಚಪ್ಪರದಲ್ಲಿಯೂ ಆ ಹಾರ್ನು ಹುಕ್ರಪ್ಪನವರೊಬ್ಬರನ್ನೇ ನುಂಗಿ, ನಮ್ಮ ಮೂವರನ್ನು ಊರಿಗೆ ಉಣಬಡಿಸಿದೆ.

ಇನ್ನೂ ಕೇಳಿ. ಮೊದಲನೆಯ ಹಾಡು ಕೆಳಗಿನ ಸ್ವರದಿಂದಲೇ ಶುರುವಾಗುತ್ತದೆ. ಒಂದು ಇಡೀ ಸಾಲು ಹುಕ್ರಪ್ಪನವರು ಒಬ್ಬರೇ, ಆಮೇಲೆ ನಾವು. ಹಾರ್ನಿನಲ್ಲಿ ಆ ಸಾಲು ಬರೀ ಗೊರಗೊರ. ಅಲ್ಲಿ ಏನೂ ಇಲ್ಲವೆಂದು ತಿಳಿದು ಉಮ್ಮರ್ ಇಷ್ಟು ವರ್ಷವೂ ಪ್ಲೇಟಿನ ಅಂಚು ಬಿಟ್ಟು ಮುಳ್ಳನ್ನು ಸ್ವಲ್ಪ ಒಳಕ್ಕೆ ಇಡುತ್ತಿದ್ದ. ಪಾಪ, ಅವನ ತಪ್ಪಲ್ಲ. ಜನರನ್ನು ಕಾಯಿಸಬಾರದೆಂದು ಇಟ್ಟದ್ದು.

ಅಧ್ಯಕ್ಷರೇ, ನಿಮ್ಮ ಚೀಟಿ ತಲುಪಿತು, ಮುಗಿಸುತ್ತೇನೆ. ವೇದಿಕೆಯ ಮೂಲೆಯಲ್ಲಿ ಚಾಪೆ ಸುತ್ತಿ ಇಟ್ಟಿರುವುದು ಬಹುಮಾನದ ಕಪಾಟು ಎಂದು ತಾವೆಲ್ಲ ತಿಳಿದಂತಿದೆ. ಅದು ಮಾಸ್ಟ್ರ ರೇಡಿಯೋಗ್ರಾಮು. ಬಸ್ಸಿನ ನೆತ್ತಿಯ ಮೇಲೆ ಹಾಕಿಸಿಕೊಂಡು ತಂದಿದ್ದೇನೆ. ಕಾರ್ಯದರ್ಶಿಗಳೇ, ಚಾಪೆ ಬಿಚ್ಚಿಸಿ. ಕಿಟಕಿಯ ಬಳಿ ಇರುವವರು ಕಿಟಕಿ ಮುಚ್ಚಿ. ಪೂವಮ್ಮ, ಹೆಂಗಸರ ಸಾಲಿನ ಹಿಂದೆ ಅಡಗಿ ಕೂರಬೇಡಿ, ಮುಂದಕ್ಕೆ ಬನ್ನಿ, ಈ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಉಂಟು. ಹುಕ್ರಪ್ಪರೇ, ಬಾಗಿಲು ಬಿಟ್ಟು ಬನ್ನಿ. ಸಾಕು ಬಾಗಿಲ ಬಳಿ ನಿಂತದ್ದು. ಶಾಲಿನ ಮಾತು ಆಮೇಲೆ ಆಡುವ, ಮೊದಲು ಕೇಳುವ.

ಸಂಘದವರಿಗೆ ಕೃತಜ್ಞತೆಗಳು. ನೀವು ಮೂರು ಎಣಿಸದಿದ್ದರೆ ನಾನು ಮೂಡುಬಿದಿರೆಗೆ ಹೋಗುತ್ತಿರಲಿಲ್ಲ. ತಾಳ್ಮೆಯಿಂದ ಬೈಸಿಕೊಂಡ ನಿಮಗೆಲ್ಲ ನಮಸ್ಕಾರ.

ಉಮ್ಮರ್, ಇನ್ನು ಮೈಕು ಆಫ್ ಮಾಡು. ಮುಳ್ಳನ್ನು ಅಂಚಿನಿಂದಲೇ ಇಡು.